ರೇಡಿಯೊದ ಕಿವಿ ಹಿಂಡುವ ಹಕ್ಕು

ಮರದ ಪೆಟ್ಟಿಗೆಯ ವಾಲ್ವ್ ರೇಡಿಯೊ ಗುಂಡಿ ತಿರುಗಿಸಿದ ಕೂಡಲೇ ಮಾತಾಡುತ್ತಿರಲಿಲ್ಲ. ಮೊದಲು ಗಾಜಿನ ಹಿಂದೆ ಹಳದಿ ದೀಪ ಹೊತ್ತಿಕೊಳ್ಳುತ್ತಿತ್ತು. ಒಳಗಿನ ವಾಲ್ವುಗಳು ಕಾಯಲು ಅರ್ಧ ನಿಮಿಷವಾದರೂ ಬೇಕು. ಆಮೇಲೆ ಎಲ್ಲೋ ದೂರದಲ್ಲಿ ಮಳೆ ಹೊಯ್ದಂತೆ ಒಂದು ಸದ್ದು, ಅದರ ಬೆನ್ನಿಗೇ ಸಣ್ಣ ಶಿಳ್ಳೆ. ಮುಳ್ಳನ್ನು ಮೆಲ್ಲಗೆ ಸರಿಸುತ್ತ ಹೋದರೆ, ದುಬಾರಿ ಸೆಟ್ಟುಗಳಲ್ಲಿದ್ದ ಹಸಿರು ಕಣ್ಣಿನ ಎರಡು ಅಂಚುಗಳು ಹತ್ತಿರ ಬರುತ್ತಿದ್ದವು. ಅವು ಕೂಡಿದವೆಂದರೆ ಸ್ಟೇಷನ್ ಸಿಕ್ಕಿತೆಂದು ಲೆಕ್ಕ. ಅಷ್ಟರಲ್ಲಿ ನಡುಮನೆಯಲ್ಲಿ ಮನೆಯವರು, ಹೊಸ್ತಿಲ ಬಳಿ ಎದುರುಮನೆಯ ಮಕ್ಕಳು, ಜಗಲಿಯಲ್ಲಿ ಬೀದಿಯ ಮೂರು ನಾಲ್ಕು ಜನ ಜಾಗ ಹಿಡಿದಾಗಿರುತ್ತಿತ್ತು.

ಪೆಟ್ಟಿಗೆ ಇರುತ್ತಿದ್ದದ್ದು ಮಕ್ಕಳ ಕೈಗೆ ಎಟುಕದ ಗೋಡೆಯ ಹಲಗೆಯ ಮೇಲೆ, ಕಸೂತಿ ಹಾಕಿದ ಬಟ್ಟೆ ಹೊದ್ದು. ಅದರ ಕಿವಿ ಹಿಂಡುವ ಹಕ್ಕು ಮನೆಯಲ್ಲಿ ಒಬ್ಬರಿಗೋ ಇಬ್ಬರಿಗೋ ಮಾತ್ರ. ಉಳಿದವರು ಕೇಳಿಕೊಳ್ಳಬೇಕು: ‘ಸ್ವಲ್ಪ ಜೋರು ಮಾಡಿ’, ‘ಸಣ್ಣ ಮಾಡಿ, ಮಗು ಮಲಗಿದೆ’. ಒಂದೇ ಪೆಟ್ಟಿಗೆಯನ್ನು ಹತ್ತು ಜನ ಕೇಳುವ ಕಾಲದಲ್ಲಿ ಈ ಎರಡು ಮಾತುಗಳು ನೆರೆಹೊರೆಯ ಬದುಕಿನ ದೊಡ್ಡ ಭಾಗವಾಗಿದ್ದವು. ಇವತ್ತು ಬಸ್ಸಿನಲ್ಲಿ ಪಕ್ಕದವರ ಮೊಬೈಲು ಕಿರುಚುವಾಗ ಹಿರಿಯರು ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎನ್ನುತ್ತಾರೆ. ಸದ್ದು ಆಗಲೂ ಇತ್ತು, ಬೀದಿಗೆಲ್ಲ ಕೇಳುವಷ್ಟು ಇತ್ತು. ಆದರೆ ಆ ಸದ್ದನ್ನು ಏರಿಸಿ ಎನ್ನಲೂ ಇಳಿಸಿ ಎನ್ನಲೂ ಅಕ್ಕಪಕ್ಕದವರಿಗೆ ಬಾಯಿತ್ತು. ಆ ಬಾಯಿ ಹೇಗೆ ಬಂತು ಎಂಬುದಕ್ಕೆ ಒಂದು ಚರಿತ್ರೆಯೇ ಇದೆ.

ಕನ್ನಡ ನಾಡಿನಲ್ಲಿ ರೇಡಿಯೊ ಒಂದು ಮನೆಯಿಂದಲೇ ಶುರುವಾಯಿತು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ.ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ‘ವಿಠ್ಠಲ ವಿಹಾರ’ದಿಂದ ಪ್ರಸಾರ ಆರಂಭಿಸಿದರು. ಟ್ರಾನ್ಸ್‌ಮಿಟರಿನ ಶಕ್ತಿ ಬರೀ 30 ವ್ಯಾಟ್. ಇಂದಿನ ಮನೆಯೊಂದರ ಹಜಾರದ ಬಲ್ಬುಗಳೆಲ್ಲ ಸೇರಿದರೆ ಅಷ್ಟಾಗುತ್ತದೆ. ಸರ್ಕಾರ ಹೇಳಲಿಲ್ಲ, ಯಾವ ಕಂಪನಿಯೂ ಹಣ ಹೂಡಲಿಲ್ಲ. ಮೇಷ್ಟರೊಬ್ಬರ ಹವ್ಯಾಸ ಊರಿನ ಆಸ್ತಿಯಾಯಿತು. ಅದಕ್ಕೆ ಇಟ್ಟ ಹೆಸರು ‘ಆಕಾಶವಾಣಿ’. ದೆಹಲಿಯಲ್ಲಿ ಆಲ್ ಇಂಡಿಯಾ ರೇಡಿಯೊ ಎಂಬ ಹೆಸರು ಬಂದದ್ದೇ ಅದರ ಮರುವರ್ಷ, 1936ರ ಜೂನ್‌ನಲ್ಲಿ. 1950ರ ದಶಕದಲ್ಲಿ ಇಡೀ ದೇಶದ ರೇಡಿಯೊ ಮೈಸೂರಿನ ಹೆಸರನ್ನೇ ತನ್ನದಾಗಿಸಿಕೊಂಡಿತು. ಕನ್ನಡಿಗರು ಇದನ್ನು ಇನ್ನೂ ಹೆಚ್ಚು ಹೆಮ್ಮೆಯಿಂದ ಹೇಳಿಕೊಳ್ಳಬೇಕು.

ಪ್ರಸಾರವೇನೋ ಆಯಿತು, ಕೇಳುವುದು ಹೇಗೆ? ಸೆಟ್ಟು ಕೊಳ್ಳುವ ಶಕ್ತಿ ಇದ್ದವರು ಬೆರಳೆಣಿಕೆಯಷ್ಟು. ಹೀಗಾಗಿ ರೇಡಿಯೊ ಮನೆಯಿಂದ ಬೀದಿಗೆ ಬರಲೇಬೇಕಾಯಿತು. ಮದ್ರಾಸಿನ ನಗರಪಾಲಿಕೆ 1930ರಲ್ಲೇ ಪ್ರಸಾರ ಶುರುಮಾಡಿ ಮರೀನಾ ಕಡಲತೀರದಲ್ಲಿ ಲೌಡ್‌ಸ್ಪೀಕರ್ ನಿಲ್ಲಿಸಿತ್ತು. ಸಂಜೆ ಗಾಳಿಗೆ ಬಂದವರು ಮರಳಿನ ಮೇಲೆ ಕೂತು ಸಂಗೀತ ಕೇಳುತ್ತಿದ್ದರು. ಬೆಂಗಳೂರಿನ ಹಳೆಯ ಉದ್ಯಾನಗಳಲ್ಲೂ ರೇಡಿಯೊಗೆಂದೇ ಪುಟ್ಟ ಗೋಪುರ, ಮಂಟಪಗಳನ್ನು ಕಟ್ಟಿದರು. ಒಳಗೆ ಬೀಗ ಹಾಕಿದ ಸೆಟ್ಟು, ಮೇಲೆ ನಾಲ್ಕು ದಿಕ್ಕಿಗೂ ಧ್ವನಿ ಬಿಡುವ ಕಂಡಿಗಳು, ಸುತ್ತ ಕಲ್ಲುಬೆಂಚು. ಉಳಿದಿರುವ ಕೆಲವು ಈಗ ಬಣ್ಣ ಬಳಿಸಿಕೊಂಡು ಸುಮ್ಮನೆ ನಿಂತಿವೆ. ಪಕ್ಕದಲ್ಲಿ ವಾಕಿಂಗ್ ಮಾಡುವವರಲ್ಲಿ ಹಲವರಿಗೆ ಅದು ನೀರಿನ ಟ್ಯಾಂಕೋ ಕಾವಲುಗಾರನ ಕೋಣೆಯೋ ಎಂಬ ಅನುಮಾನ.

ಮನೆಯಲ್ಲಿ ಸೆಟ್ಟು ಇಟ್ಟುಕೊಂಡವರಿಗೂ ಅದು ಪೂರ್ತಿ ಸ್ವಂತದ್ದೆನ್ನುವಂತಿರಲಿಲ್ಲ. 1933ರ ಕಾಯ್ದೆಯ ಪ್ರಕಾರ ರೇಡಿಯೊ ಇಟ್ಟುಕೊಳ್ಳುವುದಕ್ಕೆ ಲೈಸೆನ್ಸ್ ಬೇಕಿತ್ತು. ಅದು ಸಿಗುತ್ತಿದ್ದದ್ದು ಅಂಚೆ ಕಚೇರಿಯಲ್ಲಿ. ಪಾಸ್‌ಬುಕ್ಕಿನಂಥ ಚಿಕ್ಕ ಪುಸ್ತಕ, ಅದರಲ್ಲಿ ಸೆಟ್ಟಿನ ಕಂಪನಿಯ ಹೆಸರು, ನಂಬರು. ವರ್ಷಕ್ಕೊಮ್ಮೆ ಹಣ ಕಟ್ಟಿದರೆ ರೇಡಿಯೊಗೆಂದೇ ಅಚ್ಚಾದ ಅಂಚೆಚೀಟಿ ಹಚ್ಚಿ ಮೊಹರು ಒತ್ತಿ ಕೊಡುತ್ತಿದ್ದರು. ಮನೆಯ ಸೆಟ್ಟಿಗೆ ಬಹಳ ವರ್ಷ ಇದ್ದದ್ದು 15 ರೂಪಾಯಿ. ಹೋಟೆಲಿನಲ್ಲಿ ಇಡುವ ಸೆಟ್ಟಿಗೆ ಬೇರೆಯದೇ ಲೈಸೆನ್ಸ್, ಹೆಚ್ಚಿನ ಹಣ. ಕಟ್ಟದಿದ್ದರೆ ದಂಡ. ತನಿಖೆಯವರು ಬಂದರೆಂಬ ಸುದ್ದಿಗೆ ರೇಡಿಯೊವನ್ನು ಅಕ್ಕಿಯ ಡಬ್ಬದ ಹಿಂದೆ ಅಡಗಿಸಿದ ಕಥೆಗಳು ಎಷ್ಟೋ ಮನೆಗಳಲ್ಲಿವೆ. 1980ರ ದಶಕದ ನಡುವಿನಲ್ಲಿ ಈ ಲೈಸೆನ್ಸ್ ರದ್ದಾಗುವವರೆಗೂ ಅಂಚೆ ಕಚೇರಿಯ ಆ ಸಾಲು ತಪ್ಪಿದ್ದಲ್ಲ.

ಇಷ್ಟೆಲ್ಲ ಖರ್ಚು ಮಾಡಿ ತಂದದ್ದನ್ನು ನಾಲ್ಕು ಜನ ಕೇಳಲಿ ಎಂಬ ಆಸೆ ಮಾಲೀಕನಿಗೆ. ಕೇಳುವವರಿಗೆ ಅದರ ಋಣ. ರೇಡಿಯೊದ ಅಲೆ ಹಿಡಿಯಲು ಮಾಳಿಗೆಯ ಮೇಲೆ ಎರಡು ಗಳಕ್ಕೆ ಕಟ್ಟಿದ ತಾಮ್ರದ ಜಾಲರಿ ಗಾಳಿಗೆ ಕಿತ್ತುಬಂದರೆ ಮೇಲೆ ಹತ್ತಿ ಕಟ್ಟುತ್ತಿದ್ದವನು ಎದುರುಮನೆಯ ಹುಡುಗ. ಪ್ರತಿಯಾಗಿ ಭಾನುವಾರದ ಚಲನಚಿತ್ರ ಧ್ವನಿವಾಹಿನಿಗೆ ಕಿಟಕಿಯ ಹತ್ತಿರದ ಜಾಗ ಅವನದು.

ಏನನ್ನು ಕೇಳಬೇಕು ಎಂಬ ಜಗಳ ಮಾತ್ರ ತಪ್ಪಲಿಲ್ಲ. 1952ರಲ್ಲಿ ಪ್ರಸಾರ ಖಾತೆಯ ಸಚಿವರಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಎಂದರೆ ಆಗದು. ಶಾಸ್ತ್ರೀಯ ಸಂಗೀತ ಜನರ ಕಿವಿಯನ್ನು ತಿದ್ದುತ್ತದೆ ಎಂಬ ನಂಬಿಕೆಯಿಂದ ಆಕಾಶವಾಣಿಯಲ್ಲಿ ಚಿತ್ರಗೀತೆಗಳನ್ನು ಕಡಿತಗೊಳಿಸಿದರು. ಅವರ ಉದ್ದೇಶ ಪ್ರಾಮಾಣಿಕವೇ ಇದ್ದಿರಬೇಕು, ನಾಡಿನ ದೊಡ್ಡ ದೊಡ್ಡ ವಿದ್ವಾಂಸರ ಕಛೇರಿ ಬಡವರ ಮನೆಗೂ ಮುಟ್ಟಿದ್ದು ಆ ಕಾಲದಲ್ಲೇ. ಆದರೆ ಕೇಳುಗರನ್ನು ಕೇಳದೆ ಮಾಡಿದ ಏರ್ಪಾಡು ಅದು. ಜನ ಜಗಳವಾಡಲಿಲ್ಲ, ಮುಳ್ಳನ್ನು ಸರಿಸಿದರು. ರೇಡಿಯೊ ಸಿಲೋನ್ ಅದೇ 1952ರ ಡಿಸೆಂಬರ್‌ನಲ್ಲಿ ಅಮೀನ್ ಸಯಾನಿ ನಡೆಸಿಕೊಟ್ಟ ‘ಬಿನಾಕಾ ಗೀತ್‌ಮಾಲಾ’ ಶುರುಮಾಡಿತು. ಬುಧವಾರ ರಾತ್ರಿ ಎಂಟಕ್ಕೆ ಹಿಂದಿ ಬಾರದ ಮನೆಗಳ ಮುಂದೂ ಜನ ಸೇರಿದರು. ಕೊನೆಗೆ 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಆರಂಭಿಸಿ ಸರ್ಕಾರವೇ ರಾಜಿಗೆ ಬಂತು. ಹತ್ತು ಜನರ ಕಿವಿಯನ್ನು ಒಬ್ಬರು ಹಿಂಡಲು ಹೋದರೆ ಆಗುವುದು ಇಷ್ಟೇ, ಮನೆಯಲ್ಲಾದರೂ ದೇಶದಲ್ಲಾದರೂ.

ಹಳ್ಳಿಯ ಕಥೆ ಇನ್ನೂ ಸೊಗಸು. ಧಾರವಾಡ ಕೇಂದ್ರ 1950ರ ಜನವರಿ 8ರಂದು ಶುರುವಾಯಿತು. ಮೈಸೂರಿನ ಕೇಂದ್ರ 1955ರ ನವೆಂಬರ್‌ನಲ್ಲಿ ಬೆಂಗಳೂರಿಗೆ ಬಂತು. ಎರಡೂ ಕಡೆ ಸಂಜೆ ಹಳ್ಳಿಯವರಿಗೆಂದೇ ಹೊತ್ತು ಮೀಸಲಿತ್ತು. ಬೆಂಗಳೂರಿನ ಗ್ರಾಮಸ್ಥರ ಕಾರ್ಯಕ್ರಮದಲ್ಲಿ ಎ.ಎಸ್. ಮೂರ್ತಿ ಆಡುತ್ತಿದ್ದ ಪಾತ್ರ ಎಷ್ಟು ಜನಪ್ರಿಯವಾಯಿತೆಂದರೆ ಅವರ ಹೆಸರೇ ‘ಆಕಾಶವಾಣಿ ಈರಣ್ಣ’ ಎಂದಾಯಿತು. ಸರ್ಕಾರ ಕೊಟ್ಟ ಸೆಟ್ಟು ಚಾವಡಿಯಲ್ಲೋ ಶಾಲೆಯಲ್ಲೋ ಇರುತ್ತಿತ್ತು. ಕರೆಂಟಿಲ್ಲದ ಊರಿಗೆ ಬ್ಯಾಟರಿಯೇ ಗತಿ, ಅದು ಮುಗಿದರೆ ಹೊಸದು ಬರುವ ತನಕ ಮೌನ. 1956ರಲ್ಲಿ ಪುಣೆಯ ಸುತ್ತಮುತ್ತ ಸುಮಾರು 150 ಹಳ್ಳಿಗಳಲ್ಲಿ ಯುನೆಸ್ಕೊ ನೆರವಿನಿಂದ ಒಂದು ಪ್ರಯೋಗ ನಡೆಯಿತು: ಊರಿನ ಕೆಲವರು ಕೂಡಿ ಕೇಳಬೇಕು, ಕೇಳಿದ್ದನ್ನು ಚರ್ಚಿಸಬೇಕು, ಪ್ರಶ್ನೆಗಳನ್ನು ಕೇಂದ್ರಕ್ಕೆ ಬರೆಯಬೇಕು. ಫಲ ಚೆನ್ನಾಗಿ ಬಂದು 1959ರಲ್ಲಿ ಈ ಕೇಳುಗರ ಕೂಟಗಳು ದೇಶಕ್ಕೆಲ್ಲ ಹಬ್ಬಿದವು. ತಂಜಾವೂರು ಸೀಮೆಯ ರೈತರಂತೂ ರೇಡಿಯೊದಲ್ಲಿ ಕೇಳಿ ಬಿತ್ತಿದ ಎಡಿಟಿ-27 ತಳಿಗೆ ‘ರೇಡಿಯೊ ಭತ್ತ’ ಎಂದೇ ಹೆಸರಿಟ್ಟರು.

ಈ ಕೂಡಿ ಕೇಳುವ ಬದುಕು ಸಡಿಲವಾದದ್ದು ಕಡಲೆಕಾಳಿನಷ್ಟು ಚಿಕ್ಕ ವಸ್ತುವೊಂದರಿಂದ, ಟ್ರಾನ್ಸಿಸ್ಟರಿನಿಂದ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ 1961ರಲ್ಲಿ ರೇಡಿಯೊ ವಾಲ್ವುಗಳನ್ನು ಮಾಡತೊಡಗಿತು. ಮರುವರ್ಷವೇ ಜರ್ಮೇನಿಯಂ ಬಿಡಿಭಾಗಗಳಿಗೂ ಕೈ ಹಾಕಿತು. ಟ್ರಾನ್ಸಿಸ್ಟರ್ ಬಂದ ಮೇಲೆ ರೇಡಿಯೊಗೆ ಹಲಗೆ ಬೇಕಿಲ್ಲ, ಜಾಲರಿ ಬೇಕಿಲ್ಲ, ಬಿಸಿಯಾಗುವ ತನಕ ಕಾಯಬೇಕಿಲ್ಲ. ಎರಡು ಸೆಲ್ ಹಾಕಿ ಹೆಗಲಿಗೆ ನೇತುಹಾಕಿಕೊಂಡರೆ ಹೊಲಕ್ಕೂ ಬಂತು, ಸೈಕಲ್ಲಿಗೂ ಬಂತು. ಮದುವೆಯಲ್ಲಿ ಅಳಿಯ ಕೇಳುತ್ತಿದ್ದ ವಾಚು, ಸೈಕಲ್ಲುಗಳ ಸಾಲಿಗೆ ಟ್ರಾನ್ಸಿಸ್ಟರೂ ಸೇರಿತು. ಕಿವಿ ಹಿಂಡುವ ಹಕ್ಕು ಎಲ್ಲರಿಗೂ ಸಿಕ್ಕಿತು. ಅಲ್ಲಿಂದಲೇ ‘ಜೋರು ಮಾಡಿ’ ಎಂಬ ಮಾತು ಕಡಿಮೆಯಾಗಿ ‘ಸಣ್ಣ ಮಾಡಿ’ ಎಂಬುದು ಹೆಚ್ಚಾಯಿತು.

ಒಬ್ಬರೇ ಕೇಳುವುದು ತಪ್ಪೇನೋ ಎಂಬ ಅಳುಕು ಬಹಳ ದಿನ ಇತ್ತು, ಅದು ನಮ್ಮಲ್ಲಿ ಮಾತ್ರವಲ್ಲ. ಸೋನಿ ಕಂಪನಿ 1979ರಲ್ಲಿ ವಾಕ್‌ಮನ್ ತಂದಾಗ ಮೊದಲ ಮಾದರಿಗೆ ಎರಡು ಹೆಡ್‌ಫೋನ್ ಚುಚ್ಚುವ ತೂತು ಇತ್ತು. ಮನೆಯಲ್ಲಿ ತಾವೊಬ್ಬರೇ ಕೇಳುತ್ತ ಕೂತಾಗ ಹೆಂಡತಿಗೆ ಬೇಸರವಾಯಿತೆಂದು, ಅದಕ್ಕೇ ಇಬ್ಬರು ಕೇಳುವಂತೆ ಮಾಡಿಸಿದೆನೆಂದು ಕಂಪನಿಯ ಮುಖ್ಯಸ್ಥ ಅಕಿಯೊ ಮೊರಿಟಾ ಬರೆದಿದ್ದಾರೆ. ಕೇಳುತ್ತಲೇ ಪರಸ್ಪರ ಮಾತಾಡಲು ಒಂದು ಗುಂಡಿಯನ್ನೂ ಇಟ್ಟಿದ್ದರು. ಜನ ಆ ಗುಂಡಿಯನ್ನು ಅಷ್ಟಾಗಿ ಬಳಸಲಿಲ್ಲ, ಮುಂದಿನ ಮಾದರಿಗಳಲ್ಲಿ ಅದು ಹೋಯಿತು.

ಬಾಯಿಮಾತಿನಲ್ಲಿ ಮುಗಿಯುತ್ತಿದ್ದದ್ದು ಆಮೇಲೆ ಕಾನೂನಿಗೆ ಹೋಯಿತು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಲೌಡ್‌ಸ್ಪೀಕರ್ ಬಳಕೆಗೆ ತಡೆ ಹಾಕಿದವು. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎಂದು ಮಿತಿ ಗೊತ್ತುಮಾಡಿದವು. 2021ರ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಸೂಚನೆಯ ಮೇರೆಗೆ ಕೆಎಸ್‌ಆರ್‌ಟಿಸಿ ತನ್ನ ಬಸ್ಸುಗಳಲ್ಲಿ ಮೊಬೈಲಿನ ಸ್ಪೀಕರ್ ಹಾಕಿ ಹಾಡು, ವಿಡಿಯೊ ನೋಡುವುದನ್ನು ನಿಷೇಧಿಸಿತು. ಹೇಳಿದರೂ ಕೇಳದ ಪ್ರಯಾಣಿಕರನ್ನು ಕಂಡಕ್ಟರ್ ಕೆಳಗಿಳಿಸಬಹುದು, ಟಿಕೆಟಿನ ಹಣ ವಾಪಸಿಲ್ಲ. ಒಳ್ಳೆಯ ಆದೇಶವೇ. ಆದರೆ ಅದು ಪಕ್ಕದ ಸೀಟಿನವರು ಆಡಬೇಕಾದ ಒಂದು ಮಾತನ್ನು, ಮೊದಲೇ ಚಿಲ್ಲರೆಯ ತಲೆನೋವಿರುವ ಕಂಡಕ್ಟರ್ ಹೆಗಲಿಗೆ ಹಾಕಿತು. ಪಕ್ಕದವರು ಯಾಕೆ ಆಡುವುದಿಲ್ಲ ಎಂದರೆ, ಆ ಮೊಬೈಲಿನಲ್ಲಿ ಅವರಿಗೆ ಪಾಲಿಲ್ಲ. ಹಳೆಯ ಪೆಟ್ಟಿಗೆಯಲ್ಲಿ ಪಾಲಿತ್ತು. ಜಾಲರಿ ಕಟ್ಟಿದ ಹುಡುಗ ‘ಸಣ್ಣ ಮಾಡಿ, ನಾಳೆ ಪರೀಕ್ಷೆ’ ಎಂದರೆ ಮಾಡಲೇಬೇಕು.

ಆ ಪೆಟ್ಟಿಗೆಗಳನ್ನು ಮತ್ತೆ ಮಾತಾಡಿಸುವ ಹವ್ಯಾಸಿಗಳು ಈಗಲೂ ಇದ್ದಾರೆ. ಗುಜರಿಯಲ್ಲಿ ಸಿಕ್ಕ ಮರ್ಫಿಯನ್ನೋ ಬುಶ್ಶನ್ನೋ ಮನೆಗೆ ತಂದು, ಜೇಡರ ಬಲೆ ಒರೆಸಿ, ಒಣಗಿದ ಕೆಪಾಸಿಟರುಗಳನ್ನು ಒಂದೊಂದಾಗಿ ಬದಲಿಸುತ್ತಾರೆ. ಬಿಡಿಭಾಗಕ್ಕೆ ಬೆಂಗಳೂರಿನ ಎಸ್‌ಪಿ ರೋಡಿನ ಸಂದಿಗೊಂದಿಗಳನ್ನು ಸುತ್ತುತ್ತಾರೆ. ತಿಂಗಳುಗಟ್ಟಲೆ ಬೆವರಿಳಿಸಿ ಗುಂಡಿ ತಿರುಗಿಸಿದರೆ ಹಳದಿ ದೀಪ ಹೊತ್ತುತ್ತದೆ, ವಾಲ್ವು ಕಾಯುತ್ತದೆ, ಮೀಡಿಯಂ ವೇವಿನ ಉದ್ದಕ್ಕೂ ಕೇಳುವುದು ಬರೀ ಗೊರ್ ಎಂಬ ಸದ್ದು. ದೋಷ ಪೆಟ್ಟಿಗೆಯದಲ್ಲ. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರುಗಳ ಒಳಗಿನ ಸರ್ಕೀಟು ಹೊರಸೂಸುವ ಗದ್ದಲ ಮೀಡಿಯಂ ವೇವನ್ನು ಮುಚ್ಚಿಬಿಡುತ್ತದೆ. ಮನೆಯ ಬಲ್ಬುಗಳನ್ನೆಲ್ಲ ಆರಿಸಿ ನೋಡುತ್ತಾರೆ, ಗೊರ್ ನಿಲ್ಲುವುದಿಲ್ಲ. ಬ್ಯಾಟರಿಯ ಚಿಕ್ಕ ರೇಡಿಯೊ ಕೈಯಲ್ಲಿ ಹಿಡಿದು ಗೋಡೆಗುಂಟ ನಡೆಯುತ್ತಾರೆ. ಪಕ್ಕದ ಮನೆಯ ಕಡೆಯ ಗೋಡೆ ಬಂದಾಗ ಸದ್ದು ಜೋರಾಗುತ್ತದೆ. ಇನ್ನೇನು ಮಾಡುವುದು, ಚಪ್ಪಲಿ ಮೆಟ್ಟಿಕೊಂಡು ಹೋಗಿ ಆ ಮನೆಯ ಕರೆಗಂಟೆ ಒತ್ತಿ, ‘ಒಂದರ್ಧ ಗಂಟೆ ಆ ಬಾಲ್ಕನಿಯ ದೀಪ ಆರಿಸುತ್ತೀರಾ?’ ಎಂದು ಕೇಳುತ್ತಾರೆ. ಯಾಕೆ ಎಂದು ಅವರು ವಿಚಾರಿಸುತ್ತಾರೆ. ಹೇಳಿದರೆ, ದೀಪ ಆರಿಸಿ ತಾವೂ ನೋಡಲು ಬರುತ್ತಾರೆ.