ನಗೆಯ ಬುಟ್ಟಿ ಹೊತ್ತ ಕೊರವಂಜಿ

ನಗೆಪತ್ರಿಕೆಗಳ ಹೆಸರುಗಳನ್ನು ಒಮ್ಮೆ ಸಾಲಾಗಿ ಇಟ್ಟು ನೋಡಬೇಕು. 1841ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ಪಂಚ್’ ಪತ್ರಿಕೆಗೆ ಹೆಸರು ಕೊಟ್ಟವನು ಬೊಂಬೆಯಾಟದ ಒಬ್ಬ ಗೂನುಬೆನ್ನಿನ ಪುಂಡ. ದೊಣ್ಣೆ ಹಿಡಿದು ಹೆಂಡತಿಯನ್ನು ಬಡಿಯುವುದು ಅವನ ಮುಖ್ಯ ವಿನೋದಗಳಲ್ಲಿ ಒಂದು. ತಮಿಳರು 1926ರಲ್ಲಿ ‘ಆನಂದ ವಿಕಟನ್’ ಎಂದು ವಿದೂಷಕನ ಹೆಸರಿಟ್ಟರು. 1948ರಲ್ಲಿ ದೆಹಲಿಯಲ್ಲಿ ವ್ಯಂಗ್ಯಚಿತ್ರಕಾರ ಶಂಕರ್ ಪಿಳ್ಳೆಯವರು ತಮ್ಮ ಹೆಸರನ್ನೇ ಇಟ್ಟು ‘ಶಂಕರ್ಸ್ ವೀಕ್ಲಿ’ ಹೊರಡಿಸಿದರು. ಎಲ್ಲವೂ ಗಂಡು ಹೆಸರುಗಳೇ. ನಮ್ಮ ಕನ್ನಡದಲ್ಲಿ ಮಾತ್ರ, ಶಂಕರ್ ಅವರಿಗಿಂತ ಆರು ವರ್ಷ ಮೊದಲೇ, 1942ರಲ್ಲಿ ಬೆಂಗಳೂರಿನ ಡಾಕ್ಟರೊಬ್ಬರು ತಮ್ಮ ಹಾಸ್ಯದ ಮಾಸಪತ್ರಿಕೆಗೆ ಹೆಂಗಸಿನ ಹೆಸರಿಟ್ಟರು: ‘ಕೊರವಂಜಿ’.

ಕೊರವಂಜಿ ಎಂದರೆ ಯಾರೆಂದು ಇಂದಿನ ಮಕ್ಕಳಿಗೆ ಹೇಳಿಕೊಡಬೇಕಾಗಿದೆ. ಕಂಕುಳಲ್ಲಿ ಬುಟ್ಟಿ ಇಟ್ಟುಕೊಂಡು ಬೀದಿ ಬೀದಿ ಅಲೆಯುವವಳು, ಕೈ ನೋಡಿ ಕಣಿ ಹೇಳುವವಳು. ಅವಳಿಗೆ ಅರಮನೆಯೂ ಒಂದೇ, ಗುಡಿಸಲೂ ಒಂದೇ. ಯಜಮಾನನ ಮುಖದ ಮೇಲೆ ಯಾರೂ ಆಡದ ಮಾತನ್ನು ಅವಳು ಹೊಸಿಲಿನ ಆಚೆ ಕುಳಿತು ಆಡಿ, ಮೊರದ ತುಂಬ ಅಕ್ಕಿಯನ್ನೂ ಪಡೆದು ಹೋಗುತ್ತಾಳೆ. ಇಂಥವಳನ್ನು ವಿಡಂಬನೆಯ ಪತ್ರಿಕೆಗೆ ಕರೆತಂದದ್ದು ಎಷ್ಟು ಸರಿಯಾದ ಆಯ್ಕೆ! ಆದರೆ ಇನ್ನೊಂದು ವಿಷಯವೂ ಇದೆ. ಶ್ರೀನಿವಾಸ ಕಲ್ಯಾಣದ ಕಥೆ ನಿಮಗೆಲ್ಲ ಗೊತ್ತು. ಅಲ್ಲಿ ಆಕಾಶರಾಜನ ಅಂತಃಪುರಕ್ಕೆ ಕಣಿ ಹೇಳಲು ಬರುವ ಕೊರವಂಜಿ ನಿಜವಾದ ಕೊರವಂಜಿಯಲ್ಲ, ಸೀರೆ ಉಟ್ಟು ಬಂದ ಶ್ರೀನಿವಾಸ. ಹೇಳುವ ಭವಿಷ್ಯವೂ ತನಗೆ ಅನುಕೂಲವಾದದ್ದೇ! ನಮ್ಮ ಪತ್ರಿಕೆಯ ಚರಿತ್ರೆಯನ್ನು ನೆನೆದಾಗಲೆಲ್ಲ ನನಗೆ ಆ ವೇಷದ ನೆನಪಾಗುತ್ತದೆ. ಕಾರಣವನ್ನು ಮುಂದೆ ಹೇಳುತ್ತೇನೆ.

ಡಾ. ಎಂ. ಶಿವರಾಂ ಬೆಂಗಳೂರಿನ ಮೆಜೆಸ್ಟಿಕ್ ಸುತ್ತಿನಲ್ಲಿ ಔಷಧಾಲಯ ಇಟ್ಟುಕೊಂಡಿದ್ದ ವೈದ್ಯರು. ಕಾವ್ಯನಾಮ ‘ರಾಶಿ’. ಮನಸ್ಸಿನ ರೋಗಗಳ ಬಗ್ಗೆ ಅವರಿಗೆ ವಿಶೇಷ ಆಸಕ್ತಿ. ಆ ಕುರಿತು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಇಂಥ ಡಾಕ್ಟರು ಪತ್ರಿಕೆ ತೆಗೆಯಲು ಆರಿಸಿಕೊಂಡ ವರ್ಷವನ್ನು ನೋಡಿ. ಹತ್ತನೆಯ ತರಗತಿಗೆ ಸಮಾಜ ವಿಜ್ಞಾನ ಹೇಳುವಾಗ 1942 ಎಂದರೆ ನಾನು ಕ್ವಿಟ್ ಇಂಡಿಯಾ ಎನ್ನುತ್ತೇನೆ, ಈಸೂರು ಎನ್ನುತ್ತೇನೆ, ಮಹಾಯುದ್ಧ ಎನ್ನುತ್ತೇನೆ. ಕಾಗದಕ್ಕೆ ಅಭಾವ, ಅಕ್ಕಿಗೆ ಅಭಾವ, ಮಾತಿಗೆ ಕಾವಲು. ಅಂಥ ಹೊತ್ತಿನಲ್ಲಿ ಒಬ್ಬ ವೈದ್ಯ, ಜನ ನಗಬೇಕು ಎಂದು ಪತ್ರಿಕೆ ತೆಗೆದದ್ದನ್ನು ಪಠ್ಯಪುಸ್ತಕ ಹೇಳುವುದಿಲ್ಲ. ನಾನು ಮಾತ್ರ ಹೇಳುತ್ತೇನೆ. ಪರೀಕ್ಷೆಗೆ ಬರುವುದಿಲ್ಲ ಎಂದು ಗೊತ್ತಾದ ಕೂಡಲೇ ಮಕ್ಕಳು ಬಹಳ ಆಸಕ್ತಿಯಿಂದ ಕೇಳುತ್ತಾರೆ.

ಆ ಪತ್ರಿಕೆಗೆ ಚಿತ್ರ ಬರೆಯಲು ಬಂದವರಲ್ಲಿ ಮೈಸೂರಿನ ಒಬ್ಬ ತರುಣ ಇದ್ದ. ಬೊಂಬಾಯಿಯ ಜೆ.ಜೆ. ಕಲಾಶಾಲೆ ಅವನಿಗೆ ಪ್ರವೇಶ ಕೊಟ್ಟಿರಲಿಲ್ಲ. ಶಿವರಾಂ ಅವನ ಕೈಗೆ ಕೊರವಂಜಿಯ ಪುಟಗಳನ್ನು ಕೊಟ್ಟು ಹುರಿದುಂಬಿಸಿದರು. ಮುಂದೆ ‘ಟೈಮ್ಸ್ ಆಫ್ ಇಂಡಿಯಾ’ದಲ್ಲಿ ಚೌಕಳಿ ಕೋಟಿನ ‘ಶ್ರೀಸಾಮಾನ್ಯ’ನನ್ನು ದೇಶಕ್ಕೆಲ್ಲ ಪರಿಚಯಿಸಿದ ಆರ್.ಕೆ. ಲಕ್ಷ್ಮಣ್ ಇವರೇ. ಇದನ್ನು ನಾವು ಕನ್ನಡಿಗರು ಸ್ವಲ್ಪ ಹೆಚ್ಚಾಗಿಯೇ ಹೇಳಿಕೊಳ್ಳುತ್ತೇವೆ, ಹೇಳಿಕೊಳ್ಳಲಿ ಬಿಡಿ.

ನನಗೆ ಲಕ್ಷ್ಮಣರಿಗಿಂತ ಹತ್ತಿರದವರು ನಾ. ಕಸ್ತೂರಿ. ಕೇರಳದಲ್ಲಿ ಹುಟ್ಟಿ, ಮೈಸೂರಿಗೆ ಇತಿಹಾಸದ ಮೇಷ್ಟರಾಗಿ ಬಂದು, ಕನ್ನಡವನ್ನು ಕಲಿತು, ಕಲಿತ ಭಾಷೆಯಲ್ಲಿ ಹುಟ್ಟಿದವರನ್ನೇ ನಗಿಸಿದವರು. ಅವರ ‘ಅನರ್ಥಕೋಶ’ ಎಂಬ ತಲೆಕೆಳಗಾದ ನಿಘಂಟು ಕೊರವಂಜಿಯ ಓದುಗರಿಗೆ ಹುಚ್ಚು ಹಿಡಿಸಿತ್ತು. ದಿನ ಬಳಕೆಯ ಶಬ್ದವನ್ನು ಎತ್ತಿಕೊಂಡು, ಬೇಡದ ಜಾಗದಲ್ಲಿ ಮುರಿದು, ಇಲ್ಲದ ಅರ್ಥವನ್ನು ಹೊರಡಿಸುವುದು ಅದರ ಕ್ರಮ. ಸಂಧಿ ಸಮಾಸ ಕಲಿಸಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ತಿಳಿದಿಲ್ಲ. ಕನ್ನಡ ಪಾಠದ ಪೀರಿಯಡ್ ಖಾಲಿ ಬಿದ್ದಾಗ ಅದೇ ಆಟವನ್ನು ನಮ್ಮ ಮಕ್ಕಳಿಗೆ ಕೊಡುತ್ತಿದ್ದೆ. ‘ಪ್ರಗತಿಪತ್ರ: ಮನೆಗೆ ಹೋದ ಮೇಲೆ ನನ್ನ ಗತಿ ಏನೆಂದು ಹೇಳುವ ಪತ್ರ’ ಎಂದು ಒಬ್ಬ ಬರೆದ. ‘ಉಪವಾಸ: ಉಪ್ಪಿಟ್ಟಿನ ವಾಸನೆ ಬರುವ ದಿನ’ ಎಂದು ಬರೆದವಳು ಏಕಾದಶಿ ತಪ್ಪಿಸದ ಮನೆಯ ಹುಡುಗಿ. ಇತಿಹಾಸದ ಮೇಷ್ಟರು ಇದ್ದಿದ್ದರೆ ಇಬ್ಬರ ಬೆನ್ನನ್ನೂ ತಟ್ಟುತ್ತಿದ್ದರು.

ನಾಡಿಗೇರ ಕೃಷ್ಣರಾಯರು, ದಾಶರಥಿ ದೀಕ್ಷಿತರು, ಅ.ರಾ.ಸೇ. ಮೊದಲಾದವರೂ ಕೊರವಂಜಿಯಲ್ಲಿ ಬರೆದವರು. ಒಂದು ಕಾಲದ ಕನ್ನಡ ಹಾಸ್ಯದ ದೊಡ್ಡ ಪಾಲು ಅಲ್ಲಿಯೇ ಪಳಗಿತು. ಆದರೆ ಹೆಸರುಗಳನ್ನು ಮತ್ತೆ ಓದಿ. ಪತ್ರಿಕೆಯ ಹೆಸರು ಹೆಂಗಸಿನದು, ದನಿ ಮಾತ್ರ ಹೆಚ್ಚುಪಾಲು ಗಂಡಸಿನದು. ಶ್ರೀನಿವಾಸನ ವೇಷ ನೆನಪಾಗುವುದು ಇಲ್ಲಿ. ಆ ಕಾಲದ ನಗೆಬರಹದಲ್ಲಿ ಹೆಂಡತಿ ಎಂದರೆ ಒಡವೆ ಕೇಳುವವಳು, ತವರಿಗೆ ಹೋಗುವವಳು, ಹೊಸ ಅಡುಗೆ ಮಾಡಿ ಗಂಡನ ಹೊಟ್ಟೆ ಕೆಡಿಸುವವಳು. ಬರೆಯುವವರೂ ಓದಿ ನಗುವವರೂ ಜಗಲಿಯ ಮೇಲೆ. ನಗೆಗೆ ಗುರಿಯಾದವಳು ಒಳಗೆ ಒಲೆಯ ಮುಂದೆ.

ಇದು ನಾನು ಪುಸ್ತಕ ಓದಿ ಕಂಡುಕೊಂಡದ್ದಲ್ಲ. ನನ್ನ ತಾತ, ಅಮ್ಮನ ತಂದೆ, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದವರು, ಕೊರವಂಜಿಗೆ ಚಂದಾದಾರರು. ಸಂಚಿಕೆಗಳನ್ನು ವರ್ಷಕ್ಕೊಂದರಂತೆ ರಟ್ಟು ಹಾಕಿಸಿ ಟ್ರಂಕಿನಲ್ಲಿ ಇಡುತ್ತಿದ್ದರು. ಅಮ್ಮ ಆಗ ಹದಿನಾಲ್ಕು ಹದಿನೈದರ ಹುಡುಗಿ. ‘ಅಣ್ಣ ನಗೋದು ಅಡುಗೆಮನೆಗೆ ಕೇಳಿಸ್ತಿತ್ತು ಕಣೆ. ಯಾಕೆ ನಗ್ತಾರೆ ಅಂತ ಕೇಳೋ ಹಾಗಿರಲಿಲ್ಲ’ ಎನ್ನುತ್ತಿದ್ದರು. ತಂದೆಯನ್ನು ಅವರ ಮನೆಯಲ್ಲಿ ಅಣ್ಣ ಎಂದೇ ಕರೆಯುವುದು. ಒಂದು ಮಧ್ಯಾಹ್ನ ಅಮ್ಮ ಟ್ರಂಕು ತೆಗೆದು ಓದುತ್ತ ಗಟ್ಟಿಯಾಗಿ ನಕ್ಕರಂತೆ. ಅಜ್ಜಿ ಹಿತ್ತಲಿನಿಂದಲೇ, ‘ನಗುವ ಹೆಂಗಸನ್ನೂ ಅಳುವ ಗಂಡಸನ್ನೂ ನಂಬಬಾರದು’ ಎಂದು ಗಾದೆ ಹೇಳಿದರು. ಆ ಗಾದೆ ಮಾಡಿದವನು ಯಾರೋ ಕಾಣೆ, ಅವನಿಗೆ ಮನೆಯಲ್ಲಿ ಯಾರೂ ನಕ್ಕೇ ಇರಲಿಲ್ಲವೆಂದು ತೋರುತ್ತದೆ.

ಅಮ್ಮನನ್ನು ಅಂದು ನಗಿಸಿದ್ದು ಟಿ. ಸುನಂದಮ್ಮನವರ ಬರಹ. ಕನ್ನಡದಲ್ಲಿ ಹಾಸ್ಯವನ್ನೇ ತಮ್ಮ ಬರವಣಿಗೆಯ ದಾರಿ ಮಾಡಿಕೊಂಡ ಮೊದಲ ಮಹಿಳೆ ಎಂದು ಅವರನ್ನು ಗುರುತಿಸುತ್ತಾರೆ. ಹುಟ್ಟಿದ್ದು 1917ರಲ್ಲಿ. ಬೆಳಕಿಗೆ ಬಂದದ್ದು ಕೊರವಂಜಿಯ ಮೂಲಕ. ರಾಶಿಯವರ ದೊಡ್ಡತನ ಇರುವುದು ಇಲ್ಲಿಯೇ ಎಂದು ನನ್ನ ಭಾವನೆ. ಲಕ್ಷ್ಮಣರಂಥ ಪ್ರತಿಭೆಯನ್ನು ಯಾರಾದರೂ ಒಂದು ದಿನ ಗುರುತಿಸುತ್ತಿದ್ದರು. ಒಬ್ಬ ಗೃಹಿಣಿಯ ಮನೆಮಾತನ್ನು ಸಾಹಿತ್ಯವೆಂದು ಅಚ್ಚು ಹಾಕಲು ಬೇರೆ ಬಗೆಯ ಕಣ್ಣು ಬೇಕು. ಸುನಂದಮ್ಮನವರು ಬರೆದದ್ದೂ ಅದೇ ಗಂಡ, ಅದೇ ಮಕ್ಕಳು, ಅದೇ ನೆಂಟರು, ಅದೇ ಪಕ್ಕದ ಮನೆ. ಆದರೆ ನೋಡುವವಳು ಒಲೆಯ ಮುಂದಿನವಳು. ಗಂಡನನ್ನು ಬಿಡಲಿಲ್ಲ, ತಮ್ಮನ್ನಂತೂ ಮೊದಲೇ ಬಿಡಲಿಲ್ಲ. ವ್ಯಾನಿಟಿ ಬ್ಯಾಗಿಗೆ ‘ಜಂಬದ ಚೀಲ’ ಎಂದ ಅವರ ಮಾತನ್ನು ಕೇಳಿದ ಮೇಲೆ ನನ್ನ ಚೀಲವನ್ನು ಹೆಗಲಿಗೆ ಹಾಕಿಕೊಂಡಾಗಲೆಲ್ಲ ಸ್ವಲ್ಪ ನಾಚಿಕೆಯಾಗುತ್ತದೆ. ಮುಂದೆ ಕರ್ನಾಟಕ ಲೇಖಕಿಯರ ಸಂಘ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷೆಯೂ ಅವರೇ ಆದರು. ನಗೆ ಬರೆಯುವವರಿಗೆ ಅಂಥ ಪೀಠ ಸಿಕ್ಕುವುದು ಅಪರೂಪ.

ತಾತನ ಆ ಸಂಪುಟ ಈಗ ನನ್ನ ಬಳಿ ಇದೆ. ಸುನಂದಮ್ಮನವರ ಬರಹದ ಪಕ್ಕದಲ್ಲಿ ಸೀಸದ ಕಡ್ಡಿಯಿಂದ ‘ಇದು ನಮ್ಮನೆ’ ಎಂದು ಬರೆದಿದೆ. ಅದು ಅಮ್ಮನ ಅಕ್ಷರ.

ಕೊರವಂಜಿ ಇಪ್ಪತ್ತೈದು ವರ್ಷ ನಡೆದು 1967ರಲ್ಲಿ ನಿಂತಿತು. ಅರಸರ ಕಾಲದಲ್ಲಿ ಹುಟ್ಟಿ, ಸ್ವಾತಂತ್ರ್ಯ ಕಂಡು, ಏಕೀಕರಣ ಕಂಡು, ನಾಲ್ಕು ಮಹಾ ಚುನಾವಣೆಗಳನ್ನು ಕಂಡಿತು. ಜಾಹೀರಾತಿನ ಬಲವಿಲ್ಲದ, ಪಕ್ಷದ ಬೆಂಬಲವಿಲ್ಲದ ನಗೆಪತ್ರಿಕೆಗಳು ಎಲ್ಲ ಕಡೆಯೂ ಬೇಗ ಸೊರಗುತ್ತವೆ. ಶಂಕರ್ಸ್ ವೀಕ್ಲಿಯೂ 1975ರಲ್ಲಿ ಮುಚ್ಚಿತು. ಒಬ್ಬ ವೈದ್ಯರು ರೋಗಿಗಳನ್ನೂ ನೋಡಿಕೊಂಡು ಕಾಲು ಶತಮಾನ ಪತ್ರಿಕೆ ನಡೆಸಿದ್ದೇ ದೊಡ್ಡದು. ಅದೇ ಪರಂಪರೆಯಲ್ಲಿ 1983ರಲ್ಲಿ ‘ಅಪರಂಜಿ’ ಎಂಬ ಹಾಸ್ಯ ಮಾಸಪತ್ರಿಕೆ ಹೊರಟಿತು. ಮರುವರ್ಷ ರಾಶಿಯವರು ತೀರಿಕೊಂಡರು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಒಂದು ಹೆಣ್ಣುಮಕ್ಕಳ ಪ್ರೌಢಶಾಲೆಯ ವಾಚನಾಲಯಕ್ಕೆ, ನನ್ನ ಸಂಬಳದಿಂದಲೇ ಅಪರಂಜಿ ತರಿಸುತ್ತಿದ್ದೆ. ಊಟದ ಬಿಡುವಿನಲ್ಲಿ ಒಬ್ಬಳು ಓದುವುದು, ಉಳಿದವರು ಬಿದ್ದು ಬಿದ್ದು ನಗುವುದು. ಹಿರಿಯ ಮೇಷ್ಟರೊಬ್ಬರು ಬಾಗಿಲಲ್ಲಿ ನಿಂತು ನೋಡಿ, ‘ಹೆಣ್ಣುಮಕ್ಕಳಿಗೆ ಇಷ್ಟು ನಗು ಒಳ್ಳೇದಲ್ಲ ಮೇಡಂ, ಅಭ್ಯಾಸವಾಗಿಬಿಡುತ್ತೆ’ ಎಂದರು. ‘ಆಗಲಿ ಸಾರ್’ ಎಂದೆ. ಮುಂದಿನ ತಿಂಗಳ ಸಂಚಿಕೆಯನ್ನೂ ತಂದು ಅದೇ ಮೇಜಿನ ಮೇಲಿಟ್ಟೆ.