ಮಂಡಿಯ ಮಾತು, ರಫ್ತಿನ ಕಾಗದ: ಕೋಲಾರದಲ್ಲಿ ಭಾಷೆ–ಮಾರುಕಟ್ಟೆ ಪದವಿಯ ಬೆಲೆಯ ಬಗ್ಗೆ ಒಂದು ತಕರಾರು

ಭಾಷೆ ಮತ್ತು ಮಾರುಕಟ್ಟೆ ನಿರ್ವಹಣೆ ಎರಡನ್ನೂ ಓದಿದವರಿಗೆ ಹೊರದೇಶದ ವ್ಯವಹಾರದಲ್ಲಿ ಬೇಡಿಕೆಯಿದೆ ಎನ್ನುವವರು ಸಾಮಾನ್ಯವಾಗಿ ಎತ್ತಿಕೊಳ್ಳುವ ಆಧಾರ 2006ರ ‘ಎಲಾನ್’ ವರದಿ. ಯುರೋಪಿಯನ್ ಆಯೋಗಕ್ಕಾಗಿ ಬ್ರಿಟನ್ನಿನ ರಾಷ್ಟ್ರೀಯ ಭಾಷಾ ಕೇಂದ್ರವು 29 ದೇಶಗಳ ಸುಮಾರು 2,000 ಸಣ್ಣ ಮತ್ತು ಮಧ್ಯಮ ಉದ್ದಿಮೆಗಳನ್ನು ವಿಚಾರಿಸಿ ಇದನ್ನು ಸಿದ್ಧಪಡಿಸಿತು. ಭಾಷೆಯ ಕೊರತೆಯಿಂದಾಗಿ ಶೇ 11ರಷ್ಟು ಉದ್ದಿಮೆಗಳು ಕೈಗೆ ಬರಬೇಕಿದ್ದ ವ್ಯಾಪಾರ ಕಳೆದುಕೊಂಡಿವೆ ಎಂಬುದು ಅದರ ಮೊದಲ ನಿರ್ಣಯ. ಭಾಷಾ ಕಾರ್ಯನೀತಿ ರೂಪಿಸಿಕೊಂಡು, ಆಯಾ ನುಡಿಯ ಮನೆಮಾತಿನವರನ್ನು ನೇಮಿಸಿ, ಭಾಷೆ ಬಲ್ಲ ಸಿಬ್ಬಂದಿಯನ್ನೂ ಅನುವಾದಕರನ್ನೂ ಬಳಸುವ ಉದ್ದಿಮೆಯ ರಫ್ತು ಶೇ 44.5ರಷ್ಟು ಹೆಚ್ಚಿರುತ್ತದೆ ಎಂಬುದು ಎರಡನೆಯದು. ಈ ಲೆಕ್ಕವನ್ನು ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ವಿದ್ಯಾರ್ಥಿಯ ಮುಂದಿಟ್ಟು ‘ನೀನೂ ಓದು’ ಎನ್ನುವುದು ಎಷ್ಟು ಸರಿ ಎಂಬುದೇ ಇಲ್ಲಿನ ಪ್ರಶ್ನೆ.

ಈ ಸೀಮೆ ಬಹುಭಾಷಿಕ ಎಂಬ ಬಗ್ಗೆ ವಿವಾದವಿಲ್ಲ. ಕನ್ನಡ, ತೆಲುಗು, ಉರ್ದು, ತಮಿಳು ಇಲ್ಲಿ ಒಂದೇ ಬೀದಿಯ ನುಡಿಗಳು. ಇಂಥ ಸಹಬಾಳುವೆಯನ್ನು ಭಾಷಾ ಸಂಶೋಧಕರಾದ ಗಂಪರ್ಜ್ ಮತ್ತು ವಿಲ್ಸನ್ 1971ರಲ್ಲಿ ಪ್ರಕಟವಾದ ಕುಪ್ವಾಡದ ಅಧ್ಯಯನದಲ್ಲಿ ವಿವರಿಸಿದ್ದಾರೆ. ಸಾಂಗ್ಲಿ ಜಿಲ್ಲೆಯ ಆ ಊರಿನಲ್ಲಿ ಕನ್ನಡ, ಮರಾಠಿ, ಉರ್ದು ತಂತಮ್ಮ ಪದಗಳನ್ನು ಉಳಿಸಿಕೊಂಡೇ ವಾಕ್ಯರಚನೆಯಲ್ಲಿ ಒಂದನ್ನೊಂದು ಹೋಲುವಷ್ಟು ಹತ್ತಿರ ಬಂದಿದ್ದವು. ಭಾರತದ ಬಹುಭಾಷಿಕತೆ ಹೊರೆಯಲ್ಲವೆಂದು ಭಾಷಾವಿಜ್ಞಾನಿ ಡಿ.ಪಿ. ಪಟ್ಟನಾಯಕ್ ಸ್ಪಷ್ಟಪಡಿಸಿದರು. ಭಾಷೆಗೆ ಬೆಲೆ ಕಟ್ಟುವುದು ಮಾರುಕಟ್ಟೆಯೇ ಎಂಬ ಫ್ರೆಂಚ್ ಸಮಾಜವಿಜ್ಞಾನಿ ಬೂರ್ದಿಯೂನ 1982ರ ವಾದವೂ ಈಗ ಪಾಠದ ಮಾತಾಗಿದೆ. ಇಲ್ಲಿಗೆ ಬಂದಾಗ ಮಾಲೂರು ತಾಲ್ಲೂಕಿನ ಮಾಸ್ತಿಯವರನ್ನೂ ಮುಳಬಾಗಿಲಿನ ಡಿ.ವಿ.ಜಿ.ಯವರನ್ನೂ ನೆನೆಯುವುದು ವಾಡಿಕೆ. ಅವರಿಂದ ನಮ್ಮ ಪ್ರಶ್ನೆಗೆ ಹೆಚ್ಚಿನ ಸಹಾಯ ಸಿಗದು. ತಮಿಳು ಮನೆಮಾತಿನ ಮಾಸ್ತಿಯವರ ಇಂಗ್ಲಿಷ್ ಎಂ.ಎ. ಅವರನ್ನು ಕರೆದೊಯ್ದದ್ದು ಮೈಸೂರು ಸರ್ಕಾರದ ಸೇವೆಗೆ, ಡಿ.ವಿ.ಜಿ. ಪದವಿಯೇ ಇಲ್ಲದೆ ಪತ್ರಿಕೆ ನಡೆಸಿದವರು.

ಎಲಾನ್ ವರದಿಯ ಮುಖ್ಯ ತೊಡಕು ಅದು ಯಾರನ್ನು ಕೇಳಿತು ಎಂಬುದರಲ್ಲಿದೆ. ಉತ್ತರಿಸಿದವೆಲ್ಲ ಆಗಲೇ ರಫ್ತು ಮಾಡುತ್ತಿದ್ದ ಉದ್ದಿಮೆಗಳು. ಬಾಗಿಲು ದಾಟಿದವರನ್ನು ನಿಲ್ಲಿಸಿ ‘ಒಳಗೆ ಭಾಷೆ ಎಷ್ಟು ಉಪಯೋಗಕ್ಕೆ ಬಂತು’ ಎಂದು ಕೇಳಿದರೆ ಬಾಗಿಲು ಹೇಗೆ ತೆರೆಯಿತೆಂಬುದು ತಿಳಿಯುವುದಿಲ್ಲ. ಇನ್ನೊಂದು, ಕಾರ್ಯಕಾರಣದ ದಿಕ್ಕು. ರಫ್ತು ಹೆಚ್ಚಿದ್ದರಿಂದಲೇ ದುಭಾಷಿಗಳನ್ನು ಸಾಕುವ ಶಕ್ತಿ ಬಂದಿರಬಹುದು. ಎರಡನೆಯ ಆಕ್ಷೇಪ ಎಲ್ಲ ಸಮೀಕ್ಷೆಗಳಿಗೂ ಅನ್ವಯಿಸುವಂಥದ್ದು. ಅದರ ಮೇಲೆ ಹೆಚ್ಚು ಒತ್ತು ಕೊಡುವುದಿಲ್ಲ. ಮೊದಲನೆಯದು ಕೋಲಾರದ ಮಟ್ಟಿಗೆ ನಿರ್ಣಾಯಕ.

ಶ್ರೀನಿವಾಸಪುರದ ಮಾವನ್ನೇ ನೋಡೋಣ. ಇಲ್ಲಿನ ತೋತಾಪುರಿ ತಳಿಯ ದೊಡ್ಡ ಪಾಲು ಗಡಿಯಾಚೆ ಚಿತ್ತೂರಿನ ತಿರುಳಿನ ಕಾರ್ಖಾನೆಗಳನ್ನು ನಂಬಿಕೊಂಡಿದೆ. ಭಾರತದ ಮಾವಿನ ತಿರುಳು ಸೌದಿ ಅರೇಬಿಯಾ, ಯೆಮೆನ್, ನೆದರ್ಲೆಂಡ್ಸ್‌ಗಳವರೆಗೆ ಹೋಗುತ್ತದೆ. ತೋಟ ಶ್ರೀನಿವಾಸಪುರದ್ದು, ತಿರುಳು ತುಂಬಿದ ಡ್ರಮ್ಮಿನ ಮೇಲಿನ ಹೆಸರು, ಕೊಳ್ಳುವವನ ವಿಳಾಸ, ಬ್ಯಾಂಕಿನ ಲೆಟರ್ ಆಫ್ ಕ್ರೆಡಿಟ್ ಎಲ್ಲವೂ ಕಾರ್ಖಾನೆಯವರ ಕೈಯಲ್ಲಿ. 2025ರ ಜೂನ್ 7ರಂದು ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಗೆ ನಿರ್ಬಂಧ ಹೇರಿದಾಗ ಕರ್ನಾಟಕದ ಮುಖ್ಯಮಂತ್ರಿ ಆಂಧ್ರದ ಮುಖ್ಯಮಂತ್ರಿಗೆ ಪತ್ರ ಬರೆಯಬೇಕಾಯಿತು. ಭಾಷೆಯ ಕೊರತೆ ಇಲ್ಲಿ ಎಳ್ಳಷ್ಟೂ ಇರಲಿಲ್ಲ. ಶ್ರೀನಿವಾಸಪುರದ ಮಂಡಿಯಲ್ಲಿ ತೆಲುಗು ಬರದವರನ್ನು ಹುಡುಕಬೇಕು. ಮಾತು ಒಂದೇ ಆಗಿದ್ದರೂ ಗೇಟು ಮುಚ್ಚಿತು. ಕೊಳ್ಳುವವನ ನುಡಿ ಬಲ್ಲವನು ಮಾರುಕಟ್ಟೆ ಗೆಲ್ಲುತ್ತಾನೆಂಬ ಎಲಾನ್ ಮಾದರಿಯ ನಂಬಿಕೆಗೆ ಇದಕ್ಕಿಂತ ನೇರವಾದ ಪ್ರತಿಸಾಕ್ಷ್ಯ ನನಗೆ ಕಾಣದು.

ಹಾಗಾದರೆ ಭಾಷೆ ಎಲ್ಲಿ ಬೆಲೆ ಪಡೆಯುತ್ತದೆ? ಎರಡು ಕಾಗದಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಮಂಡಿಯಲ್ಲಿ ರೈತನಿಗೆ ಸಿಗುವ ಪಟ್ಟಿಯಲ್ಲಿ ಅವನ ಹೆಸರು, ತೂಕ, ದರ, ಕೂಲಿ, ಮುರಿದುಕೊಂಡ ಮುಂಗಡ ಇರುತ್ತವೆ. ಉಳಿದದ್ದೆಲ್ಲ ಬಾಯಿಮಾತು. ಅಮೆರಿಕಕ್ಕೆ ಹೋಗುವ ಮಾವಿನ ಪೆಟ್ಟಿಗೆಯ ಮೇಲೆ ಪ್ಯಾಕ್ ಮಾಡಿದ ಘಟಕ, ವಿಕಿರಣ ಕೊಟ್ಟ ಘಟಕ, ಎರಡರ ದಿನಾಂಕ, ಸಂಸ್ಕರಣೆಯ ಲಾಟ್ ಸಂಖ್ಯೆ, ಜೊತೆಗೆ ವಿಕಿರಣದ ಹಸಿರು ಮುದ್ರೆ ಇರಲೇಬೇಕು. ಅಮೆರಿಕದ ಈ ಬಾಗಿಲು ತೆರೆದದ್ದು 2007ರಲ್ಲಿ. ಹಣ್ಣುನೊಣ ಮೊದಲಾದ ಕೀಟಗಳ ಭಯದಿಂದ ಕನಿಷ್ಠ 400 ಗ್ರೇ ವಿಕಿರಣ ಕಡ್ಡಾಯವಾಯಿತು. ಅದನ್ನು ಕೊಡಲು ಅನುಮೋದನೆ ಪಡೆದ ದೇಶದ ಕೆಲವೇ ಘಟಕಗಳಲ್ಲಿ ಒಂದು ಮಾಲೂರಿನ ಇನ್ನೋವಾ ಅಗ್ರಿ ಬಯೋ ಪಾರ್ಕ್‌ನದು. ಶ್ರೀನಿವಾಸಪುರದ ತೋಟದಿಂದ ಕೆಲವೇ ತಾಸುಗಳ ದಾರಿ.

ಕಾಗದದ ತೂಕ ಎಷ್ಟೆಂಬುದು 2025ರ ಮೇ ತಿಂಗಳಲ್ಲಿ ಗೊತ್ತಾಯಿತು. ಲಾಸ್ ಏಂಜಲೀಸ್, ಸ್ಯಾನ್ ಫ್ರಾನ್ಸಿಸ್ಕೊ, ಅಟ್ಲಾಂಟಾ ನಿಲ್ದಾಣಗಳಲ್ಲಿ ಭಾರತದ ಕನಿಷ್ಠ 15 ಮಾವಿನ ಸರಕುಗಳು ತಿರಸ್ಕೃತವಾದವು. ನವಿ ಮುಂಬೈಯಲ್ಲಿ ವಿಕಿರಣ ಕೊಟ್ಟ ಹಣ್ಣು ಅದು. ಸಿಕ್ಕಿಬಿದ್ದದ್ದು ‘ಪಿಪಿಕ್ಯೂ 203’ ಎಂಬ ನಮೂನೆಯ ದೋಷಕ್ಕೆ. ರಫ್ತುದಾರರು ಅಂದಾಜಿಸಿದ ನಷ್ಟ ಸುಮಾರು 5 ಲಕ್ಷ ಡಾಲರ್. ಯುರೋಪ್ 2014ರ ಮೇ 1ರಿಂದ ನಮ್ಮ ಮಾವನ್ನು ನಿಷೇಧಿಸಿ 2015ರಲ್ಲಿ ಮತ್ತೆ ಒಳಗೆ ಬಿಟ್ಟುಕೊಂಡಾಗ ಹಣ್ಣುನೊಣದ ದೋಷ ನಿಜವಾಗಿಯೂ ಇತ್ತು. ಈ ಬಾರಿ ಹಣ್ಣಿನ ಗುಣವನ್ನು ಯಾರೂ ದೂರಲಿಲ್ಲ.

ಇವುಗಳ ಆಧಾರದ ಮೇಲೆ ಒಂದು ವಾದವನ್ನು ಮುಂದಿಡುತ್ತೇನೆ. ರಫ್ತಿಗೆ ತೋಟದ ನೋಂದಣಿಯಿಂದ ಪೆಟ್ಟಿಗೆಯ ಸಂಖ್ಯೆಯವರೆಗೆ ಒಂದೇ ಸರಪಳಿಯ ದಾಖಲೆ ಬೇಕಾಗುವಲ್ಲಿ, ತೆಲುಗು ಮತ್ತು ಉರ್ದುಗಳೂ ಇಂಗ್ಲಿಷಿನಷ್ಟೇ ಅಂತರರಾಷ್ಟ್ರೀಯ ವ್ಯಾಪಾರದ ಭಾಷೆಗಳು. ಈ ಸೀಮೆಯಲ್ಲಿ ಗಿಡದ ಮೇಲಿನ ಫಸಲನ್ನೇ ಗುತ್ತಿಗೆಗೆ ಕೊಡುವ ರೂಢಿಯಿದೆ. ಯಾವ ಔಷಧಿ ಯಾವ ದಿನ ಹೊಡೆದರೆಂಬುದು ರೈತನಿಗಿಂತ ಗುತ್ತಿಗೆದಾರನಿಗೆ, ಕೆಲವೊಮ್ಮೆ ಅವನ ಕಾವಲುಗಾರನಿಗೆ ಮಾತ್ರ ಗೊತ್ತಿರುತ್ತದೆ. ಆ ಮಾಹಿತಿಯನ್ನು ಅವನ ಮಾತಿನಲ್ಲಿ ಕೇಳಿ, ವಾಷಿಂಗ್ಟನ್ನಿನ ಅಧಿಕಾರಿ ಒಪ್ಪುವ ನಮೂನೆಗೆ ಇಳಿಸುವವನೇ ಇಲ್ಲಿ ಅಸಲಿ ಮಾರಾಟಗಾರ. ಭಾಷೆ–ಮಾರುಕಟ್ಟೆ ಪದವಿ ಕೋಲಾರದ ಹುಡುಗಿಯೊಬ್ಬಳ ಅಂತರರಾಷ್ಟ್ರೀಯ ವೃತ್ತಿಯನ್ನು ರೂಪಿಸುವುದಾದರೆ ಈ ಜಾಗದಲ್ಲಿ ರೂಪಿಸಬಲ್ಲದು.

ಈ ಮಾತಿಗೆ ಮಿತಿಗಳಿವೆ, ಹಲವು. ಇದು ತಾಜಾ ಹಣ್ಣಿಗೆ, ಅದರಲ್ಲೂ ಕಟ್ಟುನಿಟ್ಟಿನ ಸಸ್ಯ ಕ್ವಾರಂಟೈನ್ ನಿಯಮಗಳಿರುವ ದೇಶಗಳಿಗೆ ಹೋಗುವ ಹಣ್ಣಿಗೆ ಮಾತ್ರ ಹೊಂದುತ್ತದೆ. ಕೋಲಾರದ ಎ.ಪಿ.ಎಂ.ಸಿ.ಯ ಟೊಮೆಟೊಗೆ ಹೊಂದದು; 15 ಕೆಜಿಯ ಬಾಕ್ಸ್ ಹರಾಜಾಗುವುದು ಕೂಗಿನ ಮೇಲೆ, ಮತ್ತು ಅಲ್ಲಿ ಮಂಡಿಯವರ ಹರಕುಮುರುಕು ಹಿಂದಿ ಯಾವ ಪದವಿಗೂ ಕಡಿಮೆಯಿಲ್ಲದ ಕೆಲಸ ಮಾಡುತ್ತದೆ. ತೋತಾಪುರಿ ತಿರುಳಿನಲ್ಲೂ ಸರಪಳಿಯ ಕೊನೆಯ ಕೊಂಡಿ ಬೇರೆಯವರ ಬಳಿಯಿರುವವರೆಗೆ ಹೊಂದದು. ಈ ಕೆಲಸಕ್ಕೆ ಒಳ್ಳೆಯ ಸಂಬಳ ಸಿಗುತ್ತದೆಂದೂ ನಾನು ಹೇಳುತ್ತಿಲ್ಲ. ಒಂದು ಕೆಲಸ ಅನಿವಾರ್ಯವಾಗಿರುವುದು ಬೇರೆ, ಅದಕ್ಕೆ ಬೆಲೆ ಬರುವುದು ಬೇರೆ. ಇಷ್ಟೆಲ್ಲ ಕಳೆದ ಮೇಲೆ ಉಳಿಯುವುದು ಚಿಕ್ಕದೊಂದು ಕ್ಷೇತ್ರ. ಆದರೂ ಅದು ಎಲಾನ್ ಲೆಕ್ಕದಲ್ಲಿ ಕಾಣದ ಕ್ಷೇತ್ರ, ಏಕೆಂದರೆ ಆ ಲೆಕ್ಕ ಭಾಷೆಯನ್ನು ಮಾರುವ ಕಡೆ ಮಾತ್ರ ಹುಡುಕಿತು, ಕೊಂಡುತರುವ ಕಡೆ ಹುಡುಕಲಿಲ್ಲ.

ಕೋಲಾರ ತಾಲ್ಲೂಕಿನ ನರಸಾಪುರದ ಕಾರ್ಖಾನೆಗಳನ್ನು ತೋರಿಸಿ ಯಾರಾದರೂ ಎದುರು ವಾದ ಹೂಡಬಹುದು. 2013ರಲ್ಲಿ ಹೋಂಡಾ ಬಂತು. ತೈವಾನಿನ ವಿಸ್ಟ್ರಾನ್ ಐಫೋನ್ ಜೋಡಿಸಿತು, 2023ರಲ್ಲಿ ಅದು ಟಾಟಾ ಕೈಸೇರಿತು. ಜಪಾನಿಯನ್ನೋ ಚೀನಿಯನ್ನೋ ಕಲಿತವನಿಗೆ ಹತ್ತು ಮೈಲಿಯಲ್ಲೇ ಅಂತರರಾಷ್ಟ್ರೀಯ ವೃತ್ತಿ ಸಿಗುವುದಿಲ್ಲವೇ? ಸಿಗಬಹುದು. ಆದರೆ ಅಲ್ಲಿ ನಡೆಯುವುದು ತಯಾರಿಕೆ. ಬೈಕಿನ ಬೆಲೆಯಾಗಲಿ ಫೋನಿನ ಜಾಹೀರಾತಾಗಲಿ ನರಸಾಪುರದಲ್ಲಿ ತೀರ್ಮಾನವಾಗುವುದಿಲ್ಲ. ಪದವಿಯ ಅರ್ಧಕ್ಕೆ ಮಾತ್ರ ಅಲ್ಲಿ ಕೆಲಸವಿದೆ.

2017ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದಿಂದ ಬೇರೆಯಾಗಿ ಕೋಲಾರದಲ್ಲಿ ನೆಲೆಗೊಂಡ ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲೇ ಈ ನಾಲ್ಕು ತಾಲ್ಲೂಕುಗಳು ಬರುತ್ತವೆ. ನಮ್ಮ ಪದವಿ ವ್ಯವಸ್ಥೆಯಲ್ಲಿ ಭಾಷೆಯ ಪತ್ರಿಕೆಯೆಂದರೆ ಹೆಚ್ಚಾಗಿ ಸಾಹಿತ್ಯದ ಪತ್ರಿಕೆ, ಮಾರುಕಟ್ಟೆಯ ಪತ್ರಿಕೆಯೆಂದರೆ ಇಂಗ್ಲಿಷ್ ಪಠ್ಯಪುಸ್ತಕ. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಉರ್ದು ಆಡುವ ವಿದ್ಯಾರ್ಥಿಯ ಅಂಕಪಟ್ಟಿಯಲ್ಲಿ ಆ ಎರಡಕ್ಕೂ ಜಾಗವಿಲ್ಲದಿರುವುದೇ ಹೆಚ್ಚು. ಪಠ್ಯಕ್ರಮ ಹೀಗಿರಬೇಕೆಂದು ಸಲಹೆ ಕೊಡುವುದು ಈ ಲೇಖನದ ವ್ಯಾಪ್ತಿಯ ಆಚೆಗಿನ ಕೆಲಸ.

ಇತ್ಯರ್ಥವಾಗದೆ ಉಳಿಯುವ ಸಂಗತಿಗಳಲ್ಲಿ ಎರಡು ನನಗೆ ಮುಖ್ಯವೆನಿಸುತ್ತವೆ. ಪ್ಯಾಕ್‌ಹೌಸುಗಳಲ್ಲಿ ಇವತ್ತು ಈ ದಾಖಲೆಗಳನ್ನು ಬರೆಯುತ್ತಿರುವವರು ಏನು ಓದಿದವರು, ಎಲ್ಲಿಯವರು ಎಂಬುದನ್ನು ಅಲ್ಲಿನ ನೋಂದಣಿ ಪುಸ್ತಕಗಳನ್ನು ಹಿಡಿದು ಪರಿಶೀಲಿಸಬೇಕಿದೆ; ಅವರಲ್ಲಿ ಹೆಚ್ಚಿನವರು ಹೊರಗಿನವರೇ ಆಗಿದ್ದರೆ ಮೇಲಿನ ವಾದದ ಒಂದು ಕಾಲು ಮುರಿಯುತ್ತದೆ. ಇನ್ನೊಂದು, ಶ್ರೀನಿವಾಸಪುರಕ್ಕೆ ತನ್ನದೇ ತಿರುಳಿನ ಘಟಕ ಬೇಕೆಂಬ ಬೆಳೆಗಾರರ ಹಳೆಯ ಬೇಡಿಕೆ. ಅದು ಈಡೇರಿದರೆ ಡ್ರಮ್ಮಿನ ಮೇಲಿನ ವಿಳಾಸ ಬದಲಾಗುತ್ತದೆ. ಆಗ ಸೌದಿಯ ಕೊಳ್ಳುವವನಿಗೆ ಪತ್ರ ಬರೆಯುವವರು ಶ್ರೀನಿವಾಸಪುರ ತಾಲ್ಲೂಕಿನ ಹೊಗಳಗೆರೆಯ ಸುತ್ತಿನ ಹಳ್ಳಿಗಳಿಂದ ಬರುತ್ತಾರೋ ಬೆಂಗಳೂರಿನಿಂದ ಬರುತ್ತಾರೋ ಎಂಬುದನ್ನು ಈಗಿರುವ ಆಧಾರಗಳಿಂದ ಹೇಳಲಾಗದು.