ಕಪ್ಪಲ್ಲದ ನೆರಳು

2025ರ ಜನವರಿ 25ರಂದು ಪದ್ಮ ಪ್ರಶಸ್ತಿಗಳ ಪಟ್ಟಿ ಬಂತು. ಅದರಲ್ಲಿ ನಮ್ಮ ಕೊಪ್ಪಳ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ಹೆಸರಿತ್ತು. ತೊಂಬತ್ತು ದಾಟಿದ ಅಜ್ಜಿಗೆ ತೊಗಲುಗೊಂಬೆ ಆಟಕ್ಕಾಗಿ ಪದ್ಮಶ್ರೀ. ಆ ವಾರ ಅಜ್ಜಿಯ ಫೋಟೊ, ಗೊಂಬೆಗಳ ಫೋಟೊ ನಿಮ್ಮ ಮೊಬೈಲಿಗೂ ಬಂದಿರಬೇಕು. ಕೈಯಲ್ಲಿ ಹಿಡಿದ ಗೊಂಬೆಯನ್ನು ಹಗಲು ಬೆಳಕಲ್ಲೋ ಫ್ಲ್ಯಾಶ್ ಹಾಕಿಯೋ ಫೋಟೊ ತೆಗೆದರೆ ಅದು ಮಂಕಾಗಿ, ಕಂದು ತೊಗಲಿನ ತುಂಡಿನಂತೆ ಕಾಣುತ್ತದೆ. ಗೊಂಬೆಯದೇನೂ ತಪ್ಪಿಲ್ಲ. ಬೆಳಕು ತಪ್ಪು ಕಡೆಯಿಂದ ಬಿದ್ದಿದೆ, ಅಷ್ಟೇ.

ನಮ್ಮ ಜಿಲ್ಲೆಯದೇ ಇನ್ನೊಂದು ಬಣ್ಣದ ಕಲೆ ನೋಡಿ, ಕಿನ್ನಾಳದ ಕಟ್ಟಿಗೆ ಗೊಂಬೆ. ಅದರ ಬಣ್ಣ ಮೇಲೆಯೇ ಕೂತಿರುತ್ತದೆ. ಬೆಳಕು ಅದಕ್ಕೆ ತಾಗಿ ನಮ್ಮ ಕಣ್ಣಿಗೆ ವಾಪಸ್ ಬರುತ್ತದೆ. ತೊಗಲುಗೊಂಬೆಯ ಲೆಕ್ಕ ಪೂರ್ತಿ ಉಲ್ಟಾ. ಬೆಳಕು ಹಿಂದಿನಿಂದ ಬಂದು, ತೊಗಲನ್ನು ಹಾಯ್ದು, ಬಣ್ಣವನ್ನು ಹೊತ್ತುಕೊಂಡು ಪರದೆಗೆ ಬರಬೇಕು. ಟಾಕೀಸಿನ ಹಳೆ ರೀಲು ಕೆಲಸ ಮಾಡುತ್ತಿದ್ದದ್ದೂ ಹೀಗೆಯೇ.

ಅದಕ್ಕಾಗಿ ಆಡಿನ ತೊಗಲನ್ನು ನೆನೆಸಿ, ಕೂದಲು ತೆಗೆದು, ಕೆರೆದು ಕೆರೆದು ತೆಳ್ಳಗೆ ಮಾಡುತ್ತಾರೆ. ಹಿಂದೆ ಜಿಂಕೆ ತೊಗಲೂ ಬಳಕೆಯಲ್ಲಿತ್ತು. ಬೆಳಕು ಹಾಯುವಷ್ಟು ತೆಳ್ಳಗಾದ ಮೇಲೆ ಎಳೆದು ಕಟ್ಟಿ ಒಣಗಿಸಿ, ಚಿತ್ರ ಬರೆದು, ಎರಡೂ ಬದಿಗೆ ಬಣ್ಣ ಹಚ್ಚುತ್ತಾರೆ. ಕೆಂಪು ಜಾಸ್ತಿ. ಹಸಿರು, ನೀಲಿ ಅಲ್ಲಲ್ಲಿ. ಅಂಚಿಗೆ ಕಪ್ಪು ಗೆರೆ. ಸರ, ಕಿರೀಟ, ಸೀರೆಯ ಅಂಚು ಬರಬೇಕಾದಲ್ಲಿ ಉಳಿಯಿಂದ ಸಣ್ಣ ಸಣ್ಣ ತೂತು. ಆ ತೂತುಗಳಲ್ಲಿ ಬೆಳಕು ಬಿಳಿಯಾಗಿಯೇ ಬರುತ್ತದೆ. ಹಾಗಾಗಿ ಆಭರಣಕ್ಕೆ ಬೇರೆ ಬಿಳಿ ಬಣ್ಣ ಬೇಕಿಲ್ಲ.

ಇದರಲ್ಲಿ ಏನು ವಿಶೇಷ ಅಂತ ಕೇಳಬಹುದು. ನೆರಳಾಟ ಇರುವ ಕಡೆಯೆಲ್ಲ ನೆರಳಿಗೆ ಬಣ್ಣ ಇಲ್ಲ. ಕೇರಳದ ತೋಲ್‌ಪಾವಕೂತ್ತಿನಲ್ಲಿ 21 ದೀಪ ಸಾಲಾಗಿ ಇಟ್ಟು ಆಡಿಸುತ್ತಾರೆ, ಆದರೆ ಅಲ್ಲಿ ಪರದೆಯ ಮೇಲೆ ಬೀಳುವುದು ಕಪ್ಪು ನೆರಳು. ಒಡಿಶಾದ ರಾವಣ ಛಾಯಾದಲ್ಲೂ ಗೊಂಬೆಗೆ ಬಣ್ಣ ಹಚ್ಚುವುದಿಲ್ಲ. ಬಣ್ಣದ ನೆರಳು ಇರುವುದು ನಮ್ಮಲ್ಲಿ, ಪಕ್ಕದ ಆಂಧ್ರದಲ್ಲಿ, ದೂರದ ಚೀನಾದಲ್ಲಿ, ಹೀಗೆ ಕೆಲವೇ ಕಡೆ.

ಈಗ ಜರ್ಮನಿಗೆ ಹೋಗೋಣ, ಕಾರಣ ಇದೆ. ಇವತ್ತು ಉಳಿದಿರುವ ಪೂರ್ಣಾವಧಿ ಅನಿಮೇಷನ್ ಸಿನಿಮಾಗಳಲ್ಲಿ ಅತಿ ಹಳೆಯದು ತಯಾರಾದದ್ದು ಅಲ್ಲಿ, 1926ರಲ್ಲಿ. ಹೆಸರು ‘ರಾಜಕುಮಾರ ಅಹ್ಮದನ ಸಾಹಸಗಳು’. ಮಾಡಿದವರು ಲೊಟ್ಟೆ ರೈನಿಗರ್ ಎಂಬ ಹೆಣ್ಣುಮಗಳು. ಕಪ್ಪು ರಟ್ಟು ಮತ್ತು ತೆಳು ಸೀಸದ ತಗಡನ್ನು ಕತ್ತರಿಸಿ, ಕೈಕಾಲು ತಂತಿಯಿಂದ ಜೋಡಿಸಿ, ಕೆಳಗಿನಿಂದ ಬೆಳಕು ಬಿಟ್ಟು, ಗೊಂಬೆಯನ್ನು ಚೂರು ಚೂರು ಸರಿಸುತ್ತ ಒಂದೊಂದೇ ಚಿತ್ರ ತೆಗೆದರು. ಮೂರು ವರ್ಷ ಹಿಡಿಯಿತು. ಗೊಂಬೆಗಳು ಪೂರ್ತಿ ಕಪ್ಪು. ಬಣ್ಣ ಬೇಕೆನಿಸಿದಾಗ ರೀಲನ್ನೇ ಬಣ್ಣದಲ್ಲಿ ಅದ್ದುತ್ತಿದ್ದರು, ಹಾಗಾಗಿ ಒಂದು ದೃಶ್ಯವೆಲ್ಲ ನೀಲಿ, ಇನ್ನೊಂದೆಲ್ಲ ಹಳದಿ. ನೋಡಲು ಬಹಳ ಚೆಂದ. ಆ ಕಾಲಕ್ಕೆ ದೊಡ್ಡ ಪ್ರಯೋಗವೂ ಹೌದು.

ಅದೇ ಕಾಲದಲ್ಲಿ ನಮ್ಮ ಕಡೆಯ ಹಳ್ಳಿಗಳಲ್ಲಿ ಕಂಬಳಿ ಹಾಸಿಕೊಂಡು ಕೂತವರು ಒಂದೇ ಗೊಂಬೆಯಲ್ಲಿ ಕೆಂಪು, ಹಸಿರು, ನೀಲಿ ಒಟ್ಟಿಗೆ ಹೊಳೆಯುವುದನ್ನು ನೋಡುತ್ತಿದ್ದರು. ಹಾಗಂತ ‘ಸಿನಿಮಾ ಹುಟ್ಟಿದ್ದೇ ನಮ್ಮ ಗೊಂಬೆಯಾಟದಿಂದ’ ಎಂದು ವಾಟ್ಸಾಪಿನಲ್ಲಿ ಬರೆಯುವವರ ಜೊತೆ ನಾನು ಸೇರುವುದಿಲ್ಲ. ರೈನಿಗರ್ ನಮ್ಮಿಂದ ಕಲಿತರು ಎಂದೂ ಹೇಳುತ್ತಿಲ್ಲ. ಬೆಳಕಿಗೆ ಬಣ್ಣ ಕೊಡುವುದು ಹೇಗೆ ಎಂಬ ಪ್ರಶ್ನೆಗೆ ಅವರದು ಒಂದು ಉತ್ತರ, ನಮ್ಮವರದು ಇನ್ನೊಂದು.

ಕರ್ನಾಟಕದ ಗೊಂಬೆಗಳಲ್ಲಿ ಇನ್ನೂ ಒಂದು ಗುಣವಿದೆ. ಎಷ್ಟೋ ಗೊಂಬೆಗಳಲ್ಲಿ ಕೈಕಾಲು ಆಡುವುದೇ ಇಲ್ಲ. ಒಂದೇ ತೊಗಲಿನಲ್ಲಿ ಇಡೀ ದೃಶ್ಯ ಬರೆದಿರುತ್ತಾರೆ: ಸಿಂಹಾಸನ, ಮೇಲೆ ಕೂತವರು, ಪಕ್ಕದಲ್ಲಿ ನಿಂತವರು, ಎಲ್ಲ ಒಂದರಲ್ಲೇ. ಅಲುಗಾಡದ ಇಂಥ ಚಿತ್ರಕ್ಕೆ ಜೀವ ಕೊಡುತ್ತಿದ್ದದ್ದು ದೀಪ. ಎಣ್ಣೆ ದೀಪದ ಕುಡಿ ಗಾಳಿಗೆ ಓಲಾಡಿದರೆ ಪರದೆಯ ಮೇಲಿನ ಬಣ್ಣವೂ ಓಲಾಡುತ್ತದೆ, ರಾಮ ಉಸಿರಾಡಿದಂತೆ ಕಾಣುತ್ತದೆ. ಇದರ ನಡುವೆ ಕುಣಿಯುವವರು ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ. ನಗಿಸುವ ಕಿಳ್ಳೇಕ್ಯಾತ ಮಾತ್ರ ಕಪ್ಪಗೆ, ಡೊಳ್ಳು ಹೊಟ್ಟೆ. ಬಣ್ಣದ ದೇವರುಗಳ ನಡುವೆ ಅವನೊಬ್ಬನೇ ನಮ್ಮ ಪೈಕಿ ಅನಿಸುತ್ತಾನೆ.

ಮಳೆ ಹೋದಾಗ, ದನಕರುಗಳಿಗೆ ರೋಗ ಬಂದಾಗ ಊರವರು ಈ ಆಟ ಹೇಳಿಸುತ್ತಿದ್ದರು. ಆ ಕರೆ ಈಗ ಕಡಿಮೆ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ಗಾಂಧೀಜಿಯ ಕಥೆಯನ್ನು ‘ಬಾಪು’ ಎಂದು ಗೊಂಬೆಗೆ ತಂದು ಹೊಸ ನೋಡುಗರನ್ನು ಹುಡುಕಿದರು. 2023ರಲ್ಲಿ ಅಪಘಾತದಲ್ಲಿ ತೀರಿಕೊಂಡರು. ಆಂಧ್ರದ ಧರ್ಮಾವರದ ಹತ್ತಿರ ನಿಮ್ಮಲಕುಂಟೆಯಲ್ಲಿ ಇದೇ ಕಸುಬಿನವರು ತೊಗಲಿನ ದೀಪದ ಬುಟ್ಟಿ ಮಾಡಿ ಮಾರುತ್ತಾರೆ. ಕಲೆ ಹಾಳಾಯಿತು ಎಂದು ಕೆಲವರು ಗೊಣಗುತ್ತಾರೆ. ನನಗೆ ಹಾಗನಿಸುವುದಿಲ್ಲ. ದೀಪದ ಬುಟ್ಟಿಗೂ ಬೆಳಕು ಒಳಗಿನಿಂದಲೇ ಬರುತ್ತದೆ, ತೊಗಲನ್ನು ಅಷ್ಟೇ ತೆಳ್ಳಗೆ ಕೆರೆಯಬೇಕಾಗುತ್ತದೆ, ಹಾಗಾಗಿ ಆ ಕೈಚಳಕ ಉಳಿದಿದೆ.

ನನಗೆ ಭಯವಿರುವುದು ಬೇರೆ ಕಡೆ. ಹಳೆ ಗೊಂಬೆ ಮಾಸಿತೆಂದು ಅಂಗಡಿಯ ಆಯಿಲ್ ಪೇಂಟ್ ತಂದು ಬಳಿದರೆ ಅದು ಕೈಯಲ್ಲಿ ಹಿಡಿದಾಗ ಝಗ್ಗನೆ ಕಾಣುತ್ತದೆ. ಪರದೆಯ ಹಿಂದೆ ಹಿಡಿದರೆ ಕಪ್ಪು. ದಪ್ಪ ಬಣ್ಣದ ಒಳಗೆ ಬೆಳಕು ಹಾಯುವುದಿಲ್ಲ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಮುಂದಿನಿಂದ ಲೈಟ್ ಬಿಟ್ಟರೂ ಅಷ್ಟೇ, ನೋಡಲು ಬಂದವರು ತೊಗಲು ನೋಡಿ ಹೋಗುತ್ತಾರೆ, ಗೊಂಬೆ ನೋಡುವುದಿಲ್ಲ.

ನಿಮ್ಮ ಊರಿನ ಶಿಳ್ಳೇಕ್ಯಾತರ ಮನೆಯಲ್ಲಿ ಹಳೆ ಪೆಟ್ಟಿಗೆ ಇದ್ದು, ಅವರು ಒಪ್ಪಿದರೆ, ರಾತ್ರಿ ಹೊತ್ತು ಹೋಗಿ. ತೆಳು ಬಿಳಿ ಪಂಚೆ ಬಿಗಿಯಾಗಿ ಕಟ್ಟಿ, ಗೊಂಬೆಯನ್ನು ಅದಕ್ಕೆ ಒತ್ತಿ ಹಿಡಿಯಲು ಅವರಿಗೇ ಹೇಳಿ. ಹಿಂದೆ ಒಬ್ಬರು ದೀಪವನ್ನೋ ಮೊಬೈಲ್ ಟಾರ್ಚನ್ನೋ ಒಂದು ಮಾರು ದೂರದಲ್ಲಿ ಹಿಡಿಯಲಿ. ನೀವು ಈಚೆ ಕೂತು ಫೋಟೊ ತೆಗೆಯಿರಿ. ಫ್ಲ್ಯಾಶ್ ಮಾತ್ರ ಬೇಡ.